ಬಡ ಮಕ್ಕಳಿಗೆ ಉಚಿತ ವಸತಿ ಶಾಲೆ ತೆರೆಯಬೇಕೆಂದಿದ್ದೇವೆ, ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ನಮ್ಮದು ರಾಯಚೂರು ಜಿಲ್ಲೆಯ ಒಂದು ಹಳ್ಳಿ. ನಾವು ಮೂವರು ಅಣ್ಣತಮ್ಮಂದಿರು. ಇಬ್ಬರು ಹೊರಗೆ ಕೆಲಸದಲ್ಲಿದ್ದೇವೆ, ಒಬ್ಬರು ಊರಲ್ಲೇ ಇದ್ದಾರೆ. ಊರ ಪಕ್ಕ 4 ಎಕರೆ ಜಮೀನಿದೆ. ತೀರಿಕೊಂಡ ತಂದೆಯವರ ಹೆಸರಿನಲ್ಲಿ ಟ್ರಸ್ಟ್ ಮಾಡಿ, ಸುತ್ತಲಿನ ಬಡ ಮಕ್ಕಳಿಗೆ ಒಂದನೇ ತರಗತಿಯಿಂದಲೇ ಊಟ, ವಸತಿ ಎಲ್ಲ ಸೇರಿ ಉಚಿತ ಶಾಲೆ ನಡೆಸುವ ಆಸೆ. ಮೊದಲ ವರ್ಷ 50 ಮಕ್ಕಳನ್ನು ತೆಗೆದುಕೊಳ್ಳಬೇಕೆಂದಿದ್ದೇವೆ. ಕೈಯಲ್ಲಿ ಸುಮಾರು 60 ಲಕ್ಷ ಇದೆ. ಹೇಗೆ ಮುಂದುವರಿಯಬೇಕು, ಏನೇನು ನೋಡಿಕೊಳ್ಳಬೇಕು?

ಉತ್ತರ: ನಿಮ್ಮ ಆಸೆ ದೊಡ್ಡದು. ಅದು ಈಡೇರಬೇಕು ಅಂತಲೇ ನೇರವಾಗಿ ಹೇಳುತ್ತೇನೆ. ನೀವು ಶಾಲೆ ಕಟ್ಟಬೇಡಿ. ಈಗಾಗಲೇ ಇರುವ ಸರ್ಕಾರಿ ಹೈಸ್ಕೂಲಿನ ಪಕ್ಕ ಮಕ್ಕಳು ಉಳಿದುಕೊಳ್ಳಲು ಒಂದು ಒಳ್ಳೆಯ ಮನೆ ಮಾಡಿ. ಅಂದರೆ ಹಾಸ್ಟೆಲ್. ಮತ್ತೆ, ಒಂದನೇ ತರಗತಿಯ ಮಕ್ಕಳನ್ನು ತೆಗೆದುಕೊಳ್ಳಬೇಡಿ.

ಯಾಕೆ ಅಂತ ವಿವರಿಸುತ್ತೇನೆ.

ನಮ್ಮಲ್ಲಿ ಬಡ ಮಕ್ಕಳು ಓದಿ ಮೇಲೆ ಬಂದ ಚರಿತ್ರೆ ನೋಡಿ. ಅದರಲ್ಲಿ ಶಾಲೆ ಕಟ್ಟಿದವರಷ್ಟೇ ಪಾತ್ರ ಊಟ ಮತ್ತು ಸೂರು ಕೊಟ್ಟವರದ್ದು. ನೂರು ವರ್ಷದ ಹಿಂದೆ ಹೈಸ್ಕೂಲು ಇದ್ದದ್ದು ಪೇಟೆಯಲ್ಲಿ ಮಾತ್ರ. ಹಳ್ಳಿಯ ಹುಡುಗ ಅಲ್ಲಿಗೆ ಬಂದರೆ ಉಳಿಯೋದೆಲ್ಲಿ, ಉಣ್ಣೋದೇನು? ಮೇಲ್ಜಾತಿಯ ಬಡ ಹುಡುಗನಿಗೆ ವಾರಾನ್ನವಾದರೂ ಸಿಗುತ್ತಿತ್ತು. ಉಳಿದವರಿಗೆ ಅದೂ ಇರಲಿಲ್ಲ. ಆ ಜಾಗ ತುಂಬಿದ್ದು ಮಠಗಳ ಪ್ರಸಾದ ನಿಲಯಗಳು, ಸಮುದಾಯದ ಸಂಘಗಳು ಮತ್ತು ದಾನಿಗಳು ನಡೆಸಿದ ಉಚಿತ ವಿದ್ಯಾರ್ಥಿ ನಿಲಯಗಳು. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳು ಮಾಡಿದ್ದು ಇದೇ ಕೆಲಸ. ಮಕ್ಕಳು ಮಠದಲ್ಲಿ ಉಂಡು, ಮಲಗಿ, ಊರಿನ ಶಾಲೆ ಕಾಲೇಜುಗಳಿಗೆ ಹೋಗುತ್ತಿದ್ದರು.

ಮಹಾರಾಷ್ಟ್ರದಲ್ಲಿ ಕರ್ಮವೀರ ಭಾವುರಾವ್ ಪಾಟೀಲರು 1919ರಲ್ಲಿ ರಯತ್ ಶಿಕ್ಷಣ ಸಂಸ್ಥೆ ಶುರು ಮಾಡಿದರು. 1924ರಲ್ಲಿ ಸಾತಾರದಲ್ಲಿ ಬೋರ್ಡಿಂಗ್ ತೆರೆದರು. ಬೇರೆ ಬೇರೆ ಜಾತಿಯ ರೈತಾಪಿ ಮಕ್ಕಳು ಅಲ್ಲಿ ಒಟ್ಟಿಗೆ ಇದ್ದು, ಒಟ್ಟಿಗೆ ಅಡುಗೆ ಮಾಡಿ ಉಣ್ಣುತ್ತಿದ್ದರು. ಆ ಕಾಲಕ್ಕೆ ಅದು ಸಣ್ಣ ಮಾತಲ್ಲ. ದಿನಸಿಗೆ ದುಡ್ಡಿಲ್ಲದಾಗ ಅವರ ಹೆಂಡತಿ ಲಕ್ಷ್ಮೀಬಾಯಿ ಮೈಮೇಲಿನ ಒಡವೆಗಳನ್ನೇ ಕೊಟ್ಟರು. ಇದನ್ನು ಬರೀ ತ್ಯಾಗದ ಕಥೆ ಅಂತ ನಿಮಗೆ ಹೇಳುತ್ತಿಲ್ಲ. ಉಚಿತ ಊಟದ ಮನೆ ನಡೆಸುವವರಿಗೆ ತಿಂಗಳ ಕೊನೆ ಹೇಗಿರುತ್ತದೆ ಅಂತ ಗೊತ್ತಿರಲಿ ಎಂದು ಹೇಳುತ್ತಿದ್ದೇನೆ.

ಸಿದ್ಧಗಂಗೆಯ ಉದಾಹರಣೆ ನಿಮ್ಮ ಮನಸ್ಸಿನಲ್ಲಿ ಇದ್ದೇ ಇರುತ್ತದೆ. ಎಲ್ಲರಿಗೂ ಇರುತ್ತದೆ. ಶಿವಕುಮಾರ ಸ್ವಾಮೀಜಿ 2019ರಲ್ಲಿ ತೀರಿಕೊಂಡಾಗ ಸುಮಾರು 10,000 ಮಕ್ಕಳು ಅಲ್ಲಿ ಉಳಿದು ಓದುತ್ತಿದ್ದರು. ಜಾತಿ ಧರ್ಮ ಕೇಳದೆ ಎಲ್ಲ ಮಕ್ಕಳಿಗೂ ಅಲ್ಲಿ ಜಾಗ ಇತ್ತು, ಈಗಲೂ ಇದೆ. ಆದರೆ ಅದರ ಹಿಂದೆ ತಲೆಮಾರುಗಳಿಂದ ಧಾನ್ಯ, ದುಡ್ಡು, ದುಡಿಮೆ ತಂದುಕೊಡುವ ಸಾವಿರಾರು ಹಳ್ಳಿಗಳ ಭಕ್ತರಿದ್ದಾರೆ. ಮೂವರು ಅಣ್ಣತಮ್ಮಂದಿರು ಅಷ್ಟನ್ನು ಹೊರಲಾಗದು, ಹೊರಬೇಕಾಗಿಯೂ ಇಲ್ಲ.

ಈಗ ನಿಮ್ಮ ಜಿಲ್ಲೆಗೆ ಬರೋಣ. ನಿಮ್ಮ ಕಡೆ ಪ್ರಾಥಮಿಕ ಶಾಲೆ ಇಲ್ಲದ ಊರು ಕಡಿಮೆ. ಊರಲ್ಲಿ ಐದನೆಯವರೆಗೋ ಏಳನೆಯವರೆಗೋ ಶಾಲೆ ಇರುತ್ತದೆ. ಮಕ್ಕಳು ಬಿಡುವುದು ಆ ಶಾಲೆ ಮುಗಿದಾಗ. ಹೈಸ್ಕೂಲು ಆರೇಳು ಕಿಲೋಮೀಟರ್ ಆಚೆ. ಬಸ್ಸು ಬಂದರೆ ಬಂತು. ಹುಡುಗನನ್ನು ಹೇಗೋ ಕಳಿಸುತ್ತಾರೆ. ಹುಡುಗಿಯನ್ನು ಮನೆಯಲ್ಲಿ ಇಟ್ಟುಕೊಳ್ಳುತ್ತಾರೆ. ಹತ್ತಿ ಬಿಡಿಸುವ ಕಾಲ, ಮೆಣಸಿನಕಾಯಿ ಬಿಡಿಸುವ ಕಾಲ ಬಂದರೆ ಅವಳು ಕೂಲಿಗೆ ಹೋಗುತ್ತಾಳೆ. ಎರಡು ವರ್ಷ ಕಳೆದರೆ ಮದುವೆಯ ಮಾತು ಬರುತ್ತದೆ. ಇನ್ನು ಅಪ್ಪ ಅಮ್ಮ ಬೆಂಗಳೂರಿಗೆ ಗುಳೆ ಹೋದರೆ ಮಗುವೂ ಜೊತೆಗೆ ಹೋಗುತ್ತದೆ. ಕಟ್ಟಡ ಕೆಲಸದ ಶೆಡ್ಡಿನಲ್ಲಿ ತಮ್ಮನನ್ನು ನೋಡಿಕೊಳ್ಳುವುದು ಅದರ ಕೆಲಸ.

ಅಂದರೆ ನಿಮ್ಮ ಸುತ್ತಮುತ್ತ ಕೊರತೆ ಇರುವುದು ಒಂದನೇ ತರಗತಿಯ ಕೋಣೆಗೆ ಅಲ್ಲ. ಎಂಟನೇ ತರಗತಿಗೆ ಹೋಗಬೇಕಾದ ಹುಡುಗಿಗೆ ಹೈಸ್ಕೂಲಿನ ಹತ್ತಿರ ಸುರಕ್ಷಿತವಾಗಿ ಮಲಗಲು ಜಾಗ ಇಲ್ಲ. ಕೊರತೆ ಅದು.

ಚಿಕ್ಕ ಮಕ್ಕಳನ್ನು ಯಾಕೆ ಬೇಡ ಅಂದೆ? ಆರು ವರ್ಷದ ಮಗುವಿಗೆ ರಾತ್ರಿ ಜ್ವರ ಬಂದರೆ ಅಮ್ಮ ಬೇಕು, ಅಷ್ಟೇ. ಎಷ್ಟೇ ಒಳ್ಳೆಯ ವಾರ್ಡನ್ ಇದ್ದರೂ ಮೂವತ್ತು ಮಕ್ಕಳಿಗೆ ಅಮ್ಮ ಆಗಲಾರರು. ಬಡತನ ಒಂದೇ ಕಾರಣಕ್ಕೆ ಮಗುವನ್ನು ಹೆತ್ತವರಿಂದ ಬೇರೆ ಮಾಡಬಾರದು ಅಂತ ವಿಶ್ವಸಂಸ್ಥೆ 2009ರ ತನ್ನ ಮಾರ್ಗಸೂಚಿಯಲ್ಲಿ ಹೇಳಿದೆ. ನಮ್ಮ 2015ರ ಬಾಲ ನ್ಯಾಯ ಕಾಯ್ದೆಯೂ ಮಗುವನ್ನು ಸಂಸ್ಥೆಯಲ್ಲಿ ಇಡುವುದು ಕೊನೆಯ ದಾರಿ ಆಗಿರಬೇಕು ಅನ್ನುತ್ತದೆ. ಚಿಕ್ಕ ಮಕ್ಕಳಿಗೆ ಸಹಾಯ ಮಾಡಬೇಕಾದರೆ ಅವರಿರುವ ಊರಲ್ಲೇ ಮಾಡಿ. ಶಾಲೆಗೆ ಒಬ್ಬ ಹೆಚ್ಚುವರಿ ಶಿಕ್ಷಕಿಯ ಸಂಬಳ ಕೊಡಿ, ಸಂಜೆ ಪಾಠ ನಡೆಸಿ. ಗುಳೆ ಹೋಗುವ ಮನೆಗಳಲ್ಲಿ ಅಜ್ಜಿ ಊರಲ್ಲೇ ಇದ್ದರೆ, ಅಜ್ಜಿಗೆ ತಿಂಗಳ ದಿನಸಿ ಕೊಟ್ಟು ಮಗುವನ್ನು ಅವರ ಹತ್ತಿರವೇ ಇರುವಂತೆ ಮಾಡಿ. ಹಾಸ್ಟೆಲಿಗಿಂತ ಅದು ಅಗ್ಗ. ಮಗುವಿಗೂ ಒಳ್ಳೆಯದು.

ಕೆನಡಾದಲ್ಲಿ ಮೂಲನಿವಾಸಿಗಳ ಮಕ್ಕಳನ್ನು ದಶಕಗಟ್ಟಲೆ ವಸತಿ ಶಾಲೆಗಳಿಗೆ ಹಾಕಿದರು. 1,50,000ಕ್ಕೂ ಜಾಸ್ತಿ ಮಕ್ಕಳು. ಉದ್ಧಾರ ಮಾಡುತ್ತೇವೆ ಅಂತ ಹೊರಟವರು ಮಕ್ಕಳ ಭಾಷೆ ಬಿಡಿಸಿದರು, ಮನೆ ಮರೆಸಿದರು. 2008ರಲ್ಲಿ ಅಲ್ಲಿನ ಸರ್ಕಾರ ಕ್ಷಮೆ ಕೇಳಬೇಕಾಯಿತು. ನಿಮ್ಮ ಮನಸ್ಸು ಹಾಗಿಲ್ಲ ಅಂತ ನನಗೆ ಗೊತ್ತು. ಆದರೆ "ಆ ವಾತಾವರಣದಿಂದ ಮಗುವನ್ನು ಹೊರಗೆ ತರಬೇಕು" ಅನ್ನುವ ಮಾತು ನಮ್ಮ ದಾನಿಗಳ ಬಾಯಲ್ಲೂ ಸುಲಭವಾಗಿ ಬರುತ್ತದೆ. ಆ ವಾತಾವರಣ ಅಂದರೆ ಅದರ ಅಪ್ಪ, ಅಮ್ಮ, ಅಜ್ಜಿ, ಅದರ ಮಾತು. ಆ ಯೋಚನೆ ನಿಮ್ಮ ಟ್ರಸ್ಟಿನೊಳಗೆ ಬರದಂತೆ ನೋಡಿಕೊಳ್ಳಿ.

ಹಾಗಾದರೆ ಹಾಸ್ಟೆಲಿನಿಂದ ಓದು ಸುಧಾರಿಸುತ್ತದಾ? ಸುಧಾರಿಸುತ್ತದೆ, ಆದರೆ ತಾನಾಗಿ ಅಲ್ಲ. ಪ್ಯಾರಿಸ್ ಹತ್ತಿರದ ಸೂರ್ದಂ ಎಂಬಲ್ಲಿ 2009ರಲ್ಲಿ ಬಡ ಕುಟುಂಬಗಳ ಮಕ್ಕಳಿಗೆಂದು ವಸತಿ ಶಾಲೆ ತೆರೆದರು. ಅರ್ಜಿ ಜಾಸ್ತಿ ಬಂದವು, ಲಾಟರಿ ಎತ್ತಿದರು. ಹಾಗಾಗಿ ಸೀಟು ಸಿಕ್ಕವರನ್ನೂ ಸಿಗದವರನ್ನೂ ಸರಿಯಾಗಿ ಹೋಲಿಸಿ ನೋಡಲು ಸಂಶೋಧಕರಿಗೆ ಸಾಧ್ಯವಾಯಿತು. ಮೊದಲ ವರ್ಷ ವಸತಿ ಶಾಲೆಯ ಮಕ್ಕಳ ಮನಸ್ಸು ಕುಗ್ಗಿತ್ತು, ಕಲಿಕೆಯಲ್ಲೂ ಲಾಭ ಕಾಣಲಿಲ್ಲ. ಎರಡು ವರ್ಷ ಆದ ಮೇಲೆ ಗಣಿತದಲ್ಲಿ ಒಳ್ಳೆಯ ಏರಿಕೆ ಕಂಡಿತು. ಆದರೆ ಅದು ಬಹುಪಾಲು ಮೊದಲೇ ಚೆನ್ನಾಗಿ ಓದುತ್ತಿದ್ದ ಮಕ್ಕಳಲ್ಲಿ.

ಇದರಿಂದ ನಿಮಗೆ ಎರಡು ಪಾಠ. ಮೊದಲ ವರ್ಷದ ಅಂಕ ನೋಡಿ ಮಗುವನ್ನು ವಾಪಸ್ ಕಳಿಸಬೇಡಿ. ಮತ್ತೆ, ಹಿಂದುಳಿದ ಮಗುವಿಗೆ ಸೂರು, ಊಟ ಕೊಟ್ಟರೆ ಸಾಲದು, ಬೇರೆಯಾಗಿ ಕೂರಿಸಿ ಕಲಿಸಬೇಕು. ಎಂಟನೆಯ ತರಗತಿಗೆ ಬಂದ ಹುಡುಗಿಗೆ ಭಾಗಾಕಾರ ಬಾರದೇ ಇರುವುದು ಅಪರೂಪ ಅಲ್ಲ. ಅವಳ ಮುಂದೆ ಬೀಜಗಣಿತ ಇಟ್ಟು ಏನು ಪ್ರಯೋಜನ? ಸಂಜೆ ಎರಡು ತಾಸು ತರಗತಿ ಲೆಕ್ಕ ಬಿಟ್ಟು, ಮಗು ಎಲ್ಲಿದೆ ಅಂತ ನೋಡಿ ಗುಂಪು ಮಾಡಿ. ಕನ್ನಡ ಓದು, ಲೆಕ್ಕ, ಸ್ವಲ್ಪ ಇಂಗ್ಲಿಷು. ಪ್ರಥಮ್ ಸಂಸ್ಥೆ ದೇಶದ ಬೇರೆ ಬೇರೆ ರಾಜ್ಯಗಳಲ್ಲಿ ಹೀಗೆ ಮಟ್ಟ ನೋಡಿ ಕಲಿಸಿದೆ, ಫಲವೂ ಕಂಡಿದೆ. ಹತ್ತಿರದ ಊರಿನ ಬಿ.ಎಡ್. ಮುಗಿಸಿದ ಹೆಣ್ಣುಮಗಳೊಬ್ಬಳು ಸಿಕ್ಕರೆ ಈ ಕೆಲಸ ಆಗುತ್ತದೆ.

ಯಾವ ಮಕ್ಕಳನ್ನು ಆರಿಸಬೇಕು ಅನ್ನುವುದರಲ್ಲಿ ನನಗೆ ಗಟ್ಟಿ ಅಭಿಪ್ರಾಯ ಇದೆ. ಪರೀಕ್ಷೆ ಇಡಬೇಡಿ. ಪರೀಕ್ಷೆಯಲ್ಲಿ ಗೆಲ್ಲುವ ಮಕ್ಕಳಿಗೆ ಸರ್ಕಾರದ ದಾರಿಗಳಿವೆ. 1986ರಿಂದ ನವೋದಯ ಶಾಲೆಗಳಿವೆ, ಅಲ್ಲಿ ಕನಿಷ್ಠ 75% ಸೀಟು ಹಳ್ಳಿ ಮಕ್ಕಳಿಗೇ. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳಿವೆ. ಇವೆಲ್ಲ ಆರನೆಯಿಂದ ಶುರು. ನಿಮ್ಮ ಸುತ್ತಲಿನ ಐದನೇ ತರಗತಿ ಮಕ್ಕಳಿಗೆ ಈ ಪರೀಕ್ಷೆಗಳ ಅರ್ಜಿ ತುಂಬಿಸಿ, ತಯಾರಿ ಮಾಡಿಸಿ. ಅದೇ ಒಂದು ಒಳ್ಳೆಯ ಸೇವೆ. ನಿಮ್ಮ ಹಾಸ್ಟೆಲಿಗೆ ಅಲ್ಲಿ ಸೀಟು ಸಿಗದವರು, ಪರೀಕ್ಷೆಗೇ ಕೂರದವರು ಬರಲಿ. ಅವರ ಬಗ್ಗೆ ಯಾರೂ ಯೋಚಿಸುತ್ತಿಲ್ಲ.

ಆಯ್ಕೆಗೆ ಮನೆಗೇ ಹೋಗಿ. ಶಾಲೆಯ ಹೆಡ್‌ಮಾಸ್ಟರ್, ಅಂಗನವಾಡಿ ಕಾರ್ಯಕರ್ತೆ, ಆಶಾ ಕಾರ್ಯಕರ್ತೆ, ಈ ಮೂವರನ್ನು ಕೇಳಿದರೆ ಯಾವ ಮನೆಯ ಮಗು ಶಾಲೆ ಬಿಡುವ ಹಂತದಲ್ಲಿದೆ ಅಂತ ಗೊತ್ತಾಗುತ್ತದೆ. ತಾಯಿ ಒಬ್ಬಳೇ ಸಾಕುತ್ತಿರುವ ಮನೆ, ಗುಳೆ ಹೋಗುವ ಮನೆ, ಹೈಸ್ಕೂಲು ದೂರ ಇರುವ ತಾಂಡಾ, ಕೂಲಿಗೆ ಹೋಗಲು ಶುರು ಮಾಡಿದ ಹುಡುಗಿ, ಇವರು ಮೊದಲು. ಅರ್ಜಿಯಲ್ಲಿ ತಂದೆಯ ಹೆಸರನ್ನು ಕಡ್ಡಾಯ ಮಾಡಬೇಡಿ. ನಿಮ್ಮ ಜಿಲ್ಲೆಯಲ್ಲಿ ಮಾಜಿ ದೇವದಾಸಿ ತಾಯಂದಿರ ಮಕ್ಕಳಿದ್ದಾರೆ. ಆ ಒಂದು ಗೆರೆ ನೋಡಿ ಹಿಂದೆ ಸರಿಯುವ ತಾಯಂದಿರಿದ್ದಾರೆ. ತಂದೆ ತಾಯಿ ಇಬ್ಬರೂ ಇಲ್ಲದ ಮಗು ಬಂದರೆ ಮಾತ್ರ ನೀವಾಗಿಯೇ ಇಟ್ಟುಕೊಳ್ಳಬೇಡಿ. ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹೋಗಬೇಕು. ಅಂಥ ಮಕ್ಕಳನ್ನು ಇಟ್ಟುಕೊಳ್ಳುವ ಸಂಸ್ಥೆ ಬಾಲ ನ್ಯಾಯ ಕಾಯ್ದೆಯ 41ನೇ ಸೆಕ್ಷನ್ ಪ್ರಕಾರ ನೋಂದಣಿ ಆಗಿರಬೇಕು. ಇಲ್ಲದಿದ್ದರೆ ಜೈಲು, ದಂಡ ಎರಡಕ್ಕೂ ಅವಕಾಶ ಇದೆ.

ಇನ್ನು ದುಡ್ಡು. ಒಂದನೇ ತರಗತಿಗೆ ಮಗುವನ್ನು ಸೇರಿಸಿಕೊಂಡರೆ ಹತ್ತು ವರ್ಷದ ಮಾತು ಕೊಟ್ಟ ಹಾಗೆ. ಜಮೀನನ್ನು ಎನ್ಎ (ಕೃಷಿಯೇತರ) ಮಾಡಿಸಿ, ಶಾಲಾ ಕಟ್ಟಡ ಎಬ್ಬಿಸಿ, ಮಾನ್ಯತೆ ತರುವ ಹೊತ್ತಿಗೆ 60 ಲಕ್ಷ ಮುಗಿದಿರುತ್ತದೆ. ಮುಂದೆ ಆರರಿಂದ ಎಂಟನೇ ತರಗತಿಗೆ ಬಂದಾಗ ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆಯಂತೆ ವಿಜ್ಞಾನ-ಗಣಿತಕ್ಕೆ, ಸಮಾಜಕ್ಕೆ, ಭಾಷೆಗೆ ಬೇರೆ ಬೇರೆ ಶಿಕ್ಷಕರು ಬೇಕು. ಅವರ ಸಂಬಳ ತಿಂಗಳು ತಿಂಗಳು ಬೇಕು.

ಹಾಸ್ಟೆಲಿನ ಲೆಕ್ಕ ನೋಡಿ. ಎಂಟರಿಂದ ಹತ್ತನೇ ತರಗತಿಯ 20 ಹುಡುಗಿಯರು ಅಂತ ಇಟ್ಟುಕೊಳ್ಳಿ. ಶಾಲೆ ಇರುವ ದಿನ ಮಧ್ಯಾಹ್ನದ ಊಟ ಶಾಲೆಯಲ್ಲೇ ಆಗುತ್ತದೆ. ಅಕ್ಷರ ದಾಸೋಹ 2002ರಲ್ಲಿ ಮೊದಲು ಶುರುವಾಗಿದ್ದೇ ನಿಮ್ಮ ಭಾಗದ ಜಿಲ್ಲೆಗಳಲ್ಲಿ. ಪಠ್ಯಪುಸ್ತಕ, ಸಮವಸ್ತ್ರವೂ ಸರ್ಕಾರದ್ದೇ. ಉಳಿದ ಊಟ ತಿಂಡಿಗೆ ದಿನಕ್ಕೆ ಸರಾಸರಿ 75 ರೂಪಾಯಿ ಹಿಡಿದರೆ, 280 ದಿನಕ್ಕೆ 4,20,000. ವಾರ್ಡನ್, ಸಹಾಯಕಿ, ಇಬ್ಬರು ಅಡುಗೆಯವರು, ಸರಾಸರಿ 15,000 ಸಂಬಳ ಅಂದರೆ ವರ್ಷಕ್ಕೆ 7,20,000. ಬಾಡಿಗೆ, ಕರೆಂಟು, ಸೋಪು, ಔಷಧಿ, ಹಾಸಿಗೆ, ಸಂಜೆ ಪಾಠದವರ ಗೌರವಧನ ಸೇರಿ ಮೂರೂವರೆ ಲಕ್ಷ. ಒಟ್ಟು ವರ್ಷಕ್ಕೆ 15 ಲಕ್ಷದ ಹತ್ತಿರ. ಮೂರು ವರ್ಷಕ್ಕೆ 45 ಲಕ್ಷ. ನಿಮ್ಮ ಊರಿನ ಬೆಲೆ ನೋಡಿ ಇದನ್ನು ತಿದ್ದಿಕೊಳ್ಳಿ. ಆದರೆ ಒಂದು ಗಮನಿಸಿ. ಇವತ್ತು ಸೇರಿದ ಎಂಟನೇ ತರಗತಿಯ ಹುಡುಗಿ ಎಸ್ಎಸ್ಎಲ್‌ಸಿ ಮುಗಿಸುವವರೆಗೆ ಬೇಕಾಗುವ ಹಣ ಈಗಲೇ ನಿಮ್ಮ ಕೈಯಲ್ಲಿದೆ. ಯಾವ ದಾನಿ ಬಂದರೂ ಬಾರದಿದ್ದರೂ ಆ ಮಗು ಅರ್ಧದಲ್ಲಿ ಮನೆಗೆ ಹೋಗಬೇಕಾಗಿಲ್ಲ.

ಮುಂದೆ ಕಂಪನಿಗಳ ಸಿಎಸ್ಆರ್ (ಸಾಮಾಜಿಕ ಹೊಣೆಗಾರಿಕೆ) ಹಣಕ್ಕೂ ಪ್ರಯತ್ನಿಸಿ. 2013ರ ಕಂಪನಿ ಕಾಯ್ದೆಯಂತೆ ದೊಡ್ಡ ಕಂಪನಿಗಳು ಲಾಭದ 2% ಖರ್ಚು ಮಾಡಲೇಬೇಕು, ಶಿಕ್ಷಣಕ್ಕೂ ಅದನ್ನು ಕೊಡಬಹುದು. ಟ್ರಸ್ಟಿಗೆ ತೆರಿಗೆ ವಿನಾಯಿತಿ, ದಾನಿಗಳಿಗೆ ತೆರಿಗೆ ರಿಯಾಯಿತಿ ಸಿಗುವ ಆದಾಯ ತೆರಿಗೆ ನೋಂದಣಿ (12ಎ, 80ಜಿ ಅನ್ನುತ್ತಿದ್ದದ್ದು) ಮಾಡಿಸಿಕೊಳ್ಳಿ. ಆದರೆ ಸಿಎಸ್ಆರ್ ಹಣವನ್ನು ಸಾಮಾನ್ಯವಾಗಿ ವರ್ಷ ವರ್ಷಕ್ಕೆ ತೀರ್ಮಾನ ಮಾಡುತ್ತಾರೆ. ಅದನ್ನು ಸೋಲಾರ್, ಬೋರ್‌ವೆಲ್, ಮಂಚಕ್ಕೆ ಬಳಸಿ. ಅನ್ನಕ್ಕೂ ಅಡುಗೆಯವರ ಸಂಬಳಕ್ಕೂ ಅದನ್ನು ನಂಬಿಕೊಳ್ಳಬೇಡಿ.

ಎಲ್ಲಕ್ಕಿಂತ ಮುಖ್ಯವಾದದ್ದು ಮಕ್ಕಳ ಸುರಕ್ಷತೆ. ಇದರಲ್ಲಿ ಯಾರ ಮುಲಾಜೂ ಬೇಡ. ದಾನ ಧರ್ಮದ ಜಾಗಗಳಲ್ಲಿ ಅಪಾಯ ಜಾಸ್ತಿ. ಯಾಕೆಂದರೆ ಅಲ್ಲಿ ಯಾರೂ ಪ್ರಶ್ನೆ ಕೇಳುವುದಿಲ್ಲ. ಬಡ ಅಪ್ಪ ಅಮ್ಮ ಕೃತಜ್ಞತೆಯಿಂದ ಬಾಯಿ ಕಟ್ಟಿಕೊಂಡಿರುತ್ತಾರೆ. ಮಗುವಿಗೂ ಅದು ಗೊತ್ತಿರುತ್ತದೆ. ಇದನ್ನು ಮೊದಲ ದಿನವೇ ಮುರಿಯಬೇಕು. ಹುಡುಗಿಯರ ಹಾಸ್ಟೆಲಿನಲ್ಲಿ ರಾತ್ರಿ ಇರುವವರೆಲ್ಲ ಹೆಂಗಸರೇ ಆಗಿರಲಿ. ಸಿಬ್ಬಂದಿಗೆ ಪೊಲೀಸ್ ಪರಿಶೀಲನೆ ಮಾಡಿಸಿ. ಟ್ರಸ್ಟಿಗಳು, ಅವರ ನೆಂಟರು, ದಾನಿಗಳು, ಯಾರೇ ಆಗಲಿ ಮಗುವಿನ ಜೊತೆ ಬಾಗಿಲು ಹಾಕಿದ ಕೋಣೆಯಲ್ಲಿ ಒಬ್ಬರೇ ಇರಕೂಡದು. ಈ ನಿಯಮ ನಿಮಗೂ ಅನ್ವಯ. ಶೌಚಾಲಯ ಕಟ್ಟಡದ ಒಳಗೇ ಇರಲಿ, ರಾತ್ರಿಯಿಡೀ ದೀಪ ಇರಲಿ. ಮಕ್ಕಳ ಸಹಾಯವಾಣಿ 1098 ಗೋಡೆ ಮೇಲೆ ದೊಡ್ಡದಾಗಿ ಬರೆಸಿ. ಆ ನಂಬರಿಗೆ ಕರೆ ಮಾಡಲು ಮಕ್ಕಳ ಕೈಗೆ ಸಿಗುವ ಫೋನೂ ಇರಲಿ. ದೂರು ಹೇಳಲು ಟ್ರಸ್ಟಿಗೆ ಸಂಬಂಧವೇ ಇಲ್ಲದ ಒಬ್ಬ ಹೆಂಗಸಿರಲಿ, ಊರಿನ ನಿವೃತ್ತ ಶಿಕ್ಷಕಿ ಆದರೂ ಸರಿ. ಅವರು ತಿಂಗಳಿಗೊಮ್ಮೆ ಬಂದು ಮಕ್ಕಳ ಜೊತೆ ಮಾತಾಡಲಿ.

ಪೋಕ್ಸೋ ಕಾಯ್ದೆ 2012ರಿಂದ ಜಾರಿಯಲ್ಲಿದೆ. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಸಂಸ್ಥೆಯ ಮುಖ್ಯಸ್ಥರು ತಿಳಿಸದಿದ್ದರೆ ಅವರಿಗೇ ಒಂದು ವರ್ಷದವರೆಗೆ ಶಿಕ್ಷೆ ಆಗಬಹುದು. "ಸಂಸ್ಥೆಯ ಹೆಸರು ಹಾಳಾಗುತ್ತದೆ, ಒಳಗೇ ಮುಗಿಸೋಣ" ಅನ್ನುವ ಮಾತು ಒಮ್ಮೆ ಶುರುವಾದರೆ ಅಲ್ಲಿಗೆ ಆ ಜಾಗ ಮಕ್ಕಳಿಗೆ ಯೋಗ್ಯ ಅಲ್ಲ. ಹೊಡೆತ, ಬೈಗುಳ, ಊಟ ನಿಲ್ಲಿಸುವುದು, ಇವಕ್ಕೂ ಜಾಗ ಇಲ್ಲ.

ದಿನದಿನದ ಬದುಕಿನ ಬಗ್ಗೆ ಸ್ವಲ್ಪ. ಹಾಸ್ಟೆಲಿನಲ್ಲಿ ಕಜ್ಜಿ ಬಂದೇ ಬರುತ್ತದೆ. ಒಬ್ಬರಿಗೆ ಬಂದರೆ ಎಲ್ಲರಿಗೂ ಒಂದೇ ದಿನ ಮುಲಾಮು ಹಚ್ಚಬೇಕು, ಬಟ್ಟೆ ಹೊದಿಕೆ ಎಲ್ಲ ಬಿಸಿನೀರಲ್ಲಿ ಒಗೆಸಬೇಕು. ಹಾಸಿಗೆ, ಟವೆಲ್ ಒಬ್ಬೊಬ್ಬರಿಗೆ ಬೇರೆ ಬೇರೆ. ಮುಟ್ಟಿನ ಪ್ಯಾಡ್ ಕೇಳಿ ಪಡೆಯುವ ಹಾಗಿರಬಾರದು, ತೆಗೆದುಕೊಳ್ಳುವ ಹಾಗೆ ಇಟ್ಟಿರಬೇಕು. ಆರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡಿಸಿ, ರಕ್ತಹೀನತೆ ಇರುವವರು ಸಿಗುತ್ತಾರೆ. ಜೋಳದ ರೊಟ್ಟಿ ಉಂಡು ಬೆಳೆದ ಮಕ್ಕಳಿಗೆ ದಿನವೂ ಅನ್ನ ಸಾರು ಸಾಕು ಅನ್ನಬೇಡಿ. ರೊಟ್ಟಿ, ಪಲ್ಯ, ಶೇಂಗಾ ಹಿಂಡಿ, ತಿನ್ನುವವರಿಗೆ ಮೊಟ್ಟೆ, ಇದೆಲ್ಲ ಇರಲಿ.

ಆ 4 ಎಕರೆಯ ಬಗ್ಗೆ ಒಂದು ಮಾತು. ಮಕ್ಕಳು ಅಲ್ಲಿ ದುಡಿಯಬಾರದು. ತಮ್ಮ ತಟ್ಟೆ ತೊಳೆಯಲಿ, ಕೋಣೆ ಗುಡಿಸಲಿ, ತರಕಾರಿ ಮಡಿ ಮಾಡಲಿ. ಆದರೆ ಕೂಲಿಯಿಂದ ಬಿಡಿಸಿ ತಂದ ಮಗುವನ್ನು ನಿಮ್ಮ ಹೊಲಕ್ಕೆ ಇಳಿಸಿದರೆ ನೀವು ಮಾಡಿದ್ದಾದರೂ ಏನು? ಜಮೀನಿನ ಬೆಳೆಯಿಂದ ಬಂದ ಹಣವನ್ನು ಹಾಸ್ಟೆಲಿಗೆ ಹಾಕಿ. ಅದಕ್ಕೂ ಮೊದಲು ಜಮೀನಿನ ಬಗ್ಗೆ ಮೂವರೂ ಕೂತು ಮಾತಾಡಿ, ಟ್ರಸ್ಟಿಗೆ ಕೊಡುವುದಾದರೆ ಕಾಗದ ಪತ್ರ ಪಕ್ಕಾ ಮಾಡಿ. ನಾಳೆ ನಿಮ್ಮ ಮಕ್ಕಳ ಕಾಲಕ್ಕೆ ಪಾಲಿನ ಜಗಳ ಬಂದು ಹಾಸ್ಟೆಲ್ ಮುಚ್ಚುವಂತಾಗಬಾರದು.

ಹೆತ್ತವರನ್ನು ಗೇಟಿನ ಹೊರಗೆ ನಿಲ್ಲಿಸಬೇಡಿ. ಬಂದವರನ್ನು ಕೂರಿಸಿ, ಮಕ್ಕಳ ಜೊತೆಯಲ್ಲೇ ಊಟ ಹಾಕಿ. ವಾರಕ್ಕೊಮ್ಮೆ ಫೋನ್ ಮಾಡಲಿ, ತಿಂಗಳಿಗೊಮ್ಮೆ ಮಗು ಮನೆಗೆ ಹೋಗಿ ಬರಲಿ. ಬಸ್ಸಿನ ದುಡ್ಡು ಇಲ್ಲದಿದ್ದರೆ ನೀವು ಕೊಡಿ. ಮೊಹರಂ, ದೀಪಾವಳಿ, ಊರ ಜಾತ್ರೆ ಯಾವುದೇ ಇರಲಿ, ಮಗು ತನ್ನ ಮನೆಯವರ ಜೊತೆ ಇರಲಿ. ಅವರ ಲಂಬಾಣಿ, ಉರ್ದು, ತೆಲುಗು, ಅವರ ಊರಿನ ಕನ್ನಡ ಇವನ್ನು ಯಾರೂ ಆಡಿಕೊಳ್ಳಬಾರದು. ದಾನಿಗಳ ಹುಟ್ಟುಹಬ್ಬಕ್ಕೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಚಪ್ಪಾಳೆ ಹೊಡೆಸುವುದು, ಫೋಟೋ ಹಾಕುವುದು ಬೇಡವೇ ಬೇಡ. ಹದಿನಾಲ್ಕು ವರ್ಷದ ಹುಡುಗಿಗೆ ಅದು ಎಷ್ಟು ಚುಚ್ಚುತ್ತದೆ ಅಂತ ಕೇಕು ಕೊಯ್ಯುವವರಿಗೆ ಗೊತ್ತಾಗುವುದಿಲ್ಲ. ದಾನಿಗಳಿಗೆ ಲೆಕ್ಕಪತ್ರ ಕೊಡಿ, ಮಕ್ಕಳ ಮುಖ ಕೊಡಬೇಡಿ.

ಈಗ ಏನು ಮಾಡಬೇಕು? ಮೊದಲು ನಿಮ್ಮ ತಾಲ್ಲೂಕಿನ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಹೋಗಿ. ಹತ್ತಿರದಲ್ಲಿ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯ, ಬಿಸಿಎಂ (ಹಿಂದುಳಿದ ವರ್ಗಗಳ) ಅಥವಾ ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ ಎಲ್ಲೆಲ್ಲಿವೆ, ಸೀಟು ತುಂಬಿವೆಯಾ, ಖಾಲಿ ಇವೆಯಾ ಕೇಳಿ. ಖಾಲಿ ಇದ್ದರೆ ಹೊಸ ಹಾಸ್ಟೆಲ್ ತೆರೆಯುವ ಮೊದಲು ಯಾಕೆ ಖಾಲಿ ಅಂತ ತಿಳಿದುಕೊಳ್ಳಿ. ಕೆಲವು ಸಲ ಒಬ್ಬ ರಾತ್ರಿ ಕಾವಲಿನವಳು, ಒಂದು ಕಾಂಪೌಂಡ್ ಗೋಡೆ ಇಲ್ಲ ಅನ್ನುವುದೇ ಕಾರಣ ಆಗಿರುತ್ತದೆ. ಅದನ್ನೇ ನೀವು ಒದಗಿಸಿಕೊಟ್ಟರೆ ಕಡಿಮೆ ಹಣದಲ್ಲಿ ದೊಡ್ಡ ಕೆಲಸ ಆಗುತ್ತದೆ. ಆಮೇಲೆ ಸುತ್ತಲಿನ ಐದಾರು ಊರುಗಳ ಹಿರಿಯ ಪ್ರಾಥಮಿಕ ಶಾಲೆಗಳಿಗೆ ಹೋಗಿ. ಕಳೆದ ಮೂರು ವರ್ಷದಲ್ಲಿ ಏಳನೇ ತರಗತಿಯ ಟಿಸಿ ತೆಗೆದುಕೊಂಡು ಎಂಟನೆಗೆ ಎಲ್ಲೂ ಸೇರದ ಹುಡುಗಿಯರ ಹೆಸರು ಕೇಳಿ. ಊರಲ್ಲೇ ಇರುವ ನಿಮ್ಮ ಸಹೋದರ ಮತ್ತು ಅವರ ಮನೆಯವರು ಸೇರಿ ಆ ಮನೆಗಳಿಗೆ ಹೋಗಿ ಬರಲಿ. ಹಾಸ್ಟೆಲ್ ಯಾವ ಹೈಸ್ಕೂಲಿನ ಹತ್ತಿರ ಇರಬೇಕು, ಎಷ್ಟು ಮಂಚ ಬೇಕು ಎಂಬುದು ಆ ಪಟ್ಟಿಯಿಂದಲೇ ತೀರ್ಮಾನ ಆಗಲಿ. ಟ್ರಸ್ಟ್ ಪತ್ರ ನೋಂದಣಿ ಮಾಡಿಸುವುದು ಅದಾದ ಮೇಲೆ. ಜೂನ್ ಹೊತ್ತಿಗೆ ಬಾಡಿಗೆ ಮನೆಯಲ್ಲಿ ಶುರು ಮಾಡಿ, ಕಟ್ಟಡದ ಮಾತು ಮೂರು ವರ್ಷ ಮುಂದಕ್ಕೆ ಇಡಿ.